ಟಿಟಿ ಇಂಜೆಕ್ಷನ್ ಆದಮೇಲೆ ಭುಜ ಹಿಡಿದರೆ ಪರಿಹಾರ ಕೇಳಬಹುದಾ?

ಮಾನ್ವಿ ತಾಲ್ಲೂಕಿನಿಂದ ಬಂದ ಪ್ರಶ್ನೆ: "ಕುಡುಗೋಲು ತಾಗಿತ್ತು ಅಂತ ಖಾಸಗಿ ದವಾಖಾನೆಯಲ್ಲಿ ಟಿಟಿ ಮಾಡಿಸಿದೆ. ಅವತ್ತು ರಾತ್ರಿಯಿಂದಲೇ ಭುಜ ನೋವು. ನಾಲ್ಕು ತಿಂಗಳಾಯ್ತು, ತಲೆ ಬಾಚಲು ಕೈ ಮೇಲೆ ಏಳಲ್ಲ. ಹತ್ತಿ ಬಿಡಿಸೋಕೆ ಹೋಗಿಲ್ಲ. ಔಷಧಿ ಕೆಟ್ಟದಿತ್ತು ಅಂತಾರೆ. ಕೇಸ್ ಹಾಕಬಹುದಾ?"

ಹಾಕಬಹುದಮ್ಮ. ಆದರೆ 'ಔಷಧಿ ಕೆಟ್ಟದಿತ್ತು' ಅನ್ನೋ ಮಾತನ್ನು ಮೊದಲು ಬಿಡಿ. ರಾಯಚೂರು ಕೋರ್ಟಿನ ಅಂಗಳದಲ್ಲಿ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮತ್ತೆ ಹೇಳುತ್ತೇನೆ.

ಭುಜದ ತುದಿಯ ಎಲುಬು ಮುಟ್ಟಿ ನೋಡಿ. ಅಲ್ಲಿಂದ ಎರಡು-ಮೂರು ಬೆರಳು ಕೆಳಗೆ ದಪ್ಪ ಸ್ನಾಯು ಸಿಗುತ್ತದೆ. ಸೂಜಿ ಹೋಗಬೇಕಾದ್ದು ಅಲ್ಲಿಗೆ. ತೀರಾ ಮೇಲೆ ಚುಚ್ಚಿದರೆ ಅದು ಕೀಲಿನ ಹತ್ತಿರದ ಬರ್ಸಾ ಎಂಬ ತೆಳು ಚೀಲಕ್ಕೆ ತಾಗಬಹುದು. ಒಳ್ಳೆಯ ಔಷಧಿಯೇ ಅಲ್ಲಿ ಬಾವು ತರುತ್ತದೆ. ಡಾಕ್ಟರುಗಳು ಇದನ್ನು 'ಸಿರ್ವಾ' ಅಂತಾರೆ. ಟಿಟಿಯೂ ಒಂದು ಲಸಿಕೆಯೇ. ಅಮೆರಿಕದಲ್ಲಿ ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡಲು ಸರ್ಕಾರದ ನಿಧಿಯಿದೆ. 2017ರಲ್ಲಿ ಇದನ್ನು ಅದರ ಪಟ್ಟಿಗೆ ಸೇರಿಸಿದರು. ಅಲ್ಲಿ ಟಿಟಿ, ಫ್ಲೂ, ಹೆಪಟೈಟಿಸ್ ಬಿ, ಎಲ್ಲದರ ಮುಂದೆಯೂ ಇದೇ ಗಾಯ ಬರೆದಿದೆ. ನೋವು 48 ಗಂಟೆಯೊಳಗೆ ಶುರುವಾಗಿರಬೇಕು. ಔಷಧಿ ಬೇರೆ ಬೇರೆ, ಗಾಯ ಮಾತ್ರ ಒಂದೇ. ಹಾಗಾದರೆ ತಪ್ಪು ಎಲ್ಲಿದೆ? ಚುಚ್ಚಿದ ಜಾಗದಲ್ಲಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಔಷಧಿಯ ಮೇಲೆ ದೂರು ಬರೆದರೆ ಅದು ಕೆಟ್ಟಿತ್ತು ಅಂತ ನೀವೇ ತೋರಿಸಬೇಕು. ಖಾಲಿ ಬಾಟಲಿ ಯಾವತ್ತೋ ಕಸಕ್ಕೆ ಹೋಯ್ತು. ಮೇಲಾಗಿ ನಿಮ್ಮ ಮಾತು ಕೇಳಿ ಓಣಿಯ ತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸಲು ಹೆದರುತ್ತಾರೆ. 'ತಪ್ಪು ಜಾಗಕ್ಕೆ ಚುಚ್ಚಿದರು' ಅಂತ ಬರೆಯಿರಿ.

ಅಮೆರಿಕದಂಥ ನಿಧಿ ನಮ್ಮಲ್ಲಿಲ್ಲ. ನೀವು ದುಡ್ಡು ಕೊಟ್ಟಿದ್ದೀರಿ, ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಗಡುವು ಎರಡು ವರ್ಷ. ಸಣ್ಣ ಬಿಲ್ಲಿನ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬಿಲ್ಲು, ಚೀಟಿ, ಸ್ಕ್ಯಾನಿಂಗ್ ವರದಿ, ಮೂಳೆ ಡಾಕ್ಟರ ಅಭಿಪ್ರಾಯ ಇಟ್ಟುಕೊಳ್ಳಿ. ನೋವಾಯ್ತು ಅಂದರೆ ಸಾಲದು, ಹಾಕಿದವರು ಎಚ್ಚರ ವಹಿಸಲಿಲ್ಲ ಅಂತ ತೋರಿಸಬೇಕು. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಅದರಿಂದಲೂ ಭುಜ ಹಿಡಿಯುತ್ತದೆ, ಎದುರಿನವರು ಅದನ್ನೇ ಎತ್ತುತ್ತಾರೆ.

ಎಲ್ಲರಿಗೂ ಪುಕ್ಕಟೆ ಹಾಕುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕರ ಆಯೋಗಕ್ಕೆ ಹೋಗಲಾಗದು. ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಗ ಸಿವಿಲ್ ಕೋರ್ಟೇ ದಾರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತದೆ.

ಇನ್ನೊಂದು ಮಾತು. ಕೂಸುಗಳಿಗೆ ತೊಡೆಗೆ ಯಾಕೆ ಚುಚ್ಚುತ್ತಾರೆ ಗೊತ್ತಾ? ಅವುಗಳ ತೋಳಲ್ಲಿ ಇನ್ನೂ ಅಷ್ಟು ಸ್ನಾಯು ಇರಲ್ಲ. ದೊಡ್ಡವರು ತೋಳಿಗೆ ಹಾಕಿಸುವಾಗ ಕುಪ್ಪಸದ ತೋಳು ಸುಮ್ನೆ ಅರ್ಧ ಎಳೆದು ನಿಲ್ಲಬೇಡಿ. ಭುಜ ಪೂರ್ತಿ ಕಾಣಲಿ. ಸಂಕೋಚವಾದರೆ ಪರದೆ ಹಾಕಿ ಅನ್ನಿ. ಹಾಕುವ ಸಿಸ್ಟರ್ ನಿಂತಿದ್ದರೆ ನೀವೂ ನಿಂತಿರಿ, ನೀವು ಕೂತರೆ ಅವರಿಗೂ ಕೂರಲು ಹೇಳಿ. ಮೇಲಿನಿಂದ ಬಗ್ಗಿ ಹಾಕಿದಾಗಲೇ ಸೂಜಿ ಮೇಲಕ್ಕೆ ಹೋಗುವುದು ಜಾಸ್ತಿ.