ಜಾತ್ರೆ ದಿನದ ಸೇತುವೆ ಬೇರೆ

ಅಡಿಕೆ ಕೊನೆ (ಗೊನೆ) ಕೊಯ್ಯುವವರು ಕೆಳಗಿಳಿಯದೆ ಒಂದು ಅಡಿಕೆ ಮರದಿಂದ ಪಕ್ಕದ ಮರಕ್ಕೆ ದಾಟುವುದನ್ನು ಮಲೆನಾಡಿನವರೆಲ್ಲ ನೋಡಿಯೇ ಇರುತ್ತೀರಿ. ತುದಿಯಲ್ಲಿ ಕೂತು ಮೈಯನ್ನು ಹಿಂದೆ ಮುಂದೆ ತೂಗುತ್ತಾರೆ. ಬಲ ಹಾಕಿ ಎಳೆಯುವುದಿಲ್ಲ. ಮರ ಎತ್ತ ವಾಲುತ್ತದೋ ಅತ್ತ, ಸರಿಯಾದ ಹೊತ್ತಿಗೆ, ಒಂದಿಷ್ಟು ಭಾರ. ನಾಲ್ಕೈದು ತೂಗಿಗೆ ಪಕ್ಕದ ಮರ ಕೈಗೆ ಸಿಗುತ್ತದೆ. ಕಾಲುಸೇತುವೆ ಯಾಕೆ ಅಲುಗಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಶುರುಮಾಡುವುದೇ ಇಲ್ಲಿಂದ.

ನಾವು ನಡೆಯುವಾಗ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಬೀಳುತ್ತವೆ. 70 ಕಿಲೋ ತೂಗುವವರು ನಡೆದರೆ ಸೇತುವೆಯ ಮೇಲಿನ ಭಾರ ಪ್ರತಿ ಹೆಜ್ಜೆಗೂ ಸುಮಾರು 28 ಕಿಲೋದಷ್ಟು ಏರಿ ಇಳಿಯುತ್ತದೆ. ಸೇತುವೆಯ ಸ್ವಂತ ಲಯವೂ, ಅಂದರೆ ಅದು ತಾನಾಗಿ ತೂಗುವ ವೇಗವೂ, ಸೆಕೆಂಡಿಗೆ ಎರಡೇ ಸಲ ಆಗಿದ್ದರೆ ಅಲ್ಲಿಗೆ ಕೊನೆ ಕೊಯ್ಯುವವರ ಕಥೆಯೇ. ಉಕ್ಕಿನ ಸೇತುವೆಗಳಲ್ಲಿ ಡ್ಯಾಂಪಿಂಗ್, ಅಂದರೆ ಅಲುಗಾಟವನ್ನು ತಾನೇ ಅಡಗಿಸುವ ಗುಣ, ಬಹಳ ಕಡಿಮೆ. ಅದು ಶೇ 0.5 ಇದ್ದರೆ ಅಲುಗಾಟ, ಅದೇ ಬಲ ನಿಂತಲ್ಲೇ ಒತ್ತಿದಾಗ ಆಗುವ ಬಾಗುವಿಕೆಯ 100 ಪಟ್ಟಿನವರೆಗೂ ಬೆಳೆಯಬಲ್ಲದು. ಶೇ 4ಕ್ಕೆ ಏರಿಸಿದರೆ ಹನ್ನೆರಡೂವರೆ ಪಟ್ಟಿಗೆ ನಿಲ್ಲುತ್ತದೆ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನದಲ್ಲಿ ಮುಚ್ಚಿತು. ಅಲ್ಲಿ ಅಲುಗಿದ್ದು ಅಕ್ಕಪಕ್ಕಕ್ಕೆ. ಸಮತೋಲ ಉಳಿಸಿಕೊಳ್ಳಲು ಜನ ಕಾಲಗಲಿಸಿ ನಡೆದರು, ಗೊತ್ತಿಲ್ಲದೆಯೇ ಸೇತುವೆಯ ಲಯಕ್ಕೆ ಹೆಜ್ಜೆ ಕೂಡಿಸಿದರು, ಅಲುಗಾಟ ಇನ್ನೂ ಹೆಚ್ಚಿತು. ಅಲುಗಾಟ ಹೀರುವ ಡ್ಯಾಂಪರ್‌ಗಳನ್ನು ಕೂರಿಸಿ ಮತ್ತೆ ತೆರೆದದ್ದು 2002ರಲ್ಲಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಕಡೆ ಹಳ್ಳವೊಂದರ ಮೇಲೆ ಉಕ್ಕಿನ ಗರ್ಡರ್‌ಗಳ, ಅಂದರೆ ಉದ್ದ ತೊಲೆಗಳ, ಕಾಲುಸೇತುವೆ ಇದೆ. ನೋಡಿಕೊಂಡು ಬನ್ನಿ ಎಂದು ನನ್ನನ್ನು ಕರೆದಿದ್ದರು. ನಡುಮಧ್ಯದಲ್ಲಿ ಅಲುಗಾಟ ಅಳೆಯುವ ಪೆಟ್ಟಿಗೆ ಇಟ್ಟು ಕೂತೆ. ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬರು ಬಂದರು. ಮಧ್ಯ ಹತ್ತಿರವಾದಂತೆ ಅವರ ನಡಿಗೆ ಬದಲಾಯಿತು: ಎರಡು ಚಿಕ್ಕ ಹೆಜ್ಜೆ, ಒಂದು ನಿಲುವು, ಮತ್ತೆ ಒಂದು ಉದ್ದ ಹೆಜ್ಜೆ. ಯಾಕಮ್ಮ ಹೀಗೆ ಎಂದರೆ, "ಒಂದೇ ಸಮ ನಡೆದ್ರೆ ಇದು ಕುಣಿಯಕ್ಕೆ ಶುರುಮಾಡ್ತದೆ" ಎಂದರು. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ತೂಗುಸೇತುವೆ ಕವಾಯತಿನ ಹೆಜ್ಜೆಗೆ ಕುಸಿದ ಮೇಲೆ ಸೈನಿಕರಿಗೆ ಹೊರಟ ಆಜ್ಞೆಯೂ ಇದೇ: ಸೇತುವೆಯ ಮೇಲೆ ಹೆಜ್ಜೆ ಮುರಿಯಿರಿ. ಅಜ್ಜಿಗೆ ಅದನ್ನು ಕಾಲೇ ಕಲಿಸಿತ್ತು.

ಖಾಲಿ ಸೇತುವೆಯ ಲಯ ಸೆಕೆಂಡಿಗೆ ಎರಡರ ಆಸುಪಾಸು ಬಂತು. ಸಾದಾ ಗರ್ಡರ್ ಸೇತುವೆಗೆ ಇದನ್ನು ಅಂದಾಜಿಸುವ ಸುಲಭ ದಾರಿಯಿದೆ. ಸ್ವಂತ ಭಾರಕ್ಕೆ ಅದು ಎಷ್ಟು ಮಿಲಿಮೀಟರ್ ಬಾಗುತ್ತದೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿ. 81 ಮಿಲಿಮೀಟರ್ ಬಾಗಿದರೆ ಉತ್ತರ 2.

ಇಂಥ ಕಡೆ ರೂಢಿಯ ಮದ್ದು ತೂಗುಭಾರದ ಡ್ಯಾಂಪರ್. ಸೇತುವೆಯ ಹೊಟ್ಟೆಯಡಿ ಸ್ಪ್ರಿಂಗಿಗೆ ಒಂದು ಭಾರ ನೇತುಹಾಕಿ, ಅದರ ಲಯವನ್ನು ಸೇತುವೆಯ ಲಯಕ್ಕೆ ಹೊಂದಿಸುತ್ತಾರೆ. ಸೇತುವೆಯ ಬದಲು ಅದು ಕುಣಿಯುತ್ತದೆ, ಜೊತೆಗಿರುವ ಎಣ್ಣೆಯ ಉರುಳೆ ಆ ಕುಣಿತವನ್ನು ಬಿಸಿಯಾಗಿ ಕರಗಿಸುತ್ತದೆ. ತೊಂದರೆ ಏನೆಂದರೆ ಈ ಹೊಂದಾಣಿಕೆ ಬಹಳ ನಾಜೂಕು. ಸೇತುವೆಯ ಭಾರ ಮೀಟರಿಗೆ 500 ಕಿಲೋ ಎಂದುಕೊಳ್ಳಿ. ಎಳ್ಳಮಾವಾಸ್ಯೆ ಜಾತ್ರೆಗೆ ಹೊರಟವರು ಎರಡು ಮೀಟರಿಗೆ ಮೂವರಂತೆ ತುಂಬಿಕೊಂಡರೆ ಮೀಟರಿಗೆ 105 ಕಿಲೋ ಸೇರಿತು. ಲಯ 2ರಿಂದ ಸುಮಾರು 1.82ಕ್ಕೆ ಇಳಿಯುತ್ತದೆ. ಕೊನೆ ಕೊಯ್ಯುವವರು ಹತ್ತಿ ಕೂತ ಮರ ಬರಿ ಮರಕ್ಕಿಂತ ನಿಧಾನ ತೂಗುವುದೂ ಇದಕ್ಕೇ. ಗುಂಪಿನಲ್ಲಿ ಜನರ ನಡಿಗೆಯೂ ನಿಧಾನವಾಗುತ್ತದೆ, ಹಾಗಾಗಿ ಹೆಜ್ಜೆ ಮತ್ತು ಸೇತುವೆ ಎರಡೂ ಒಟ್ಟಿಗೇ ಕೆಳಗಿಳಿದು ಮತ್ತೆ ಕೂಡಿಕೊಳ್ಳುತ್ತವೆ. ಡ್ಯಾಂಪರ್ ಮಾತ್ರ ಖಾಲಿ ಸೇತುವೆಯ ಲಯದಲ್ಲೇ ಉಳಿದಿರುತ್ತದೆ. ಅದು ಬೇಕಾಗಿದ್ದ ದಿನವೇ ಕೈಕೊಡುತ್ತದೆ. (ತೂಗುಸೇತುವೆಯಲ್ಲಿ ಜನರ ಭಾರ ಹಗ್ಗವನ್ನೂ ಬಿಗಿಯುವುದರಿಂದ ಈ ಲೆಕ್ಕವನ್ನು ಹಾಗೇ ಒಯ್ಯುವಂತಿಲ್ಲ.)

ಹೊಂದಿಕೊಳ್ಳುವ ಡ್ಯಾಂಪರ್ ಬೇಕಾಗುವುದು ಇಲ್ಲಿ. ಅದರ ಎಣ್ಣೆಯಲ್ಲಿ ಕಬ್ಬಿಣದ ನುಣುಪು ಪುಡಿ ಕಲೆಸಿರುತ್ತದೆ. ಸುತ್ತಲಿನ ಸುರುಳಿಗೆ ಕರೆಂಟ್ ಹರಿಸಿದರೆ ಅಯಸ್ಕಾಂತದ ಸೆಳೆತಕ್ಕೆ ಪುಡಿ ಸಾಲುಗಟ್ಟಿ, ಗಂಜಿಯಂತಿದ್ದ ಎಣ್ಣೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಕರೆಂಟ್ ತೆಗೆದರೆ ಮತ್ತೆ ಗಂಜಿ. ಸೇತುವೆಯ ಮೇಲಿನ ಸೆನ್ಸರ್ ಆ ಕ್ಷಣದ ಲಯ ಓದುತ್ತದೆ, ನಿಯಂತ್ರಕ ಅದಕ್ಕೆ ತಕ್ಕಂತೆ ಕರೆಂಟ್ ತಿದ್ದಿ ತೂಗುಭಾರವನ್ನು ಹೊಸ ಲಯಕ್ಕೆ ತರುತ್ತದೆ. ಅದು ಸೇತುವೆಯನ್ನು ಮೋಟಾರಿನಂತೆ ತಳ್ಳುವುದಿಲ್ಲ, ಬರೀ ತಡೆಯುತ್ತದೆ. ಹಾಗಾಗಿ ಬ್ಯಾಟರಿಯ ಶಕ್ತಿ ಸಾಕು.

ನಮ್ಮಲ್ಲಿ ಮಳೆಗಾಲ ಹಿಡಿದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಬ್ಯಾಟರಿಯೂ ಸತ್ತಾಗ ಡ್ಯಾಂಪರ್ ಏನಾಗುತ್ತದೆ ಎಂದು ನಾನು ಮೊದಲು ಕೇಳುತ್ತೇನೆ. ಕನಿಷ್ಠ ಸಾದಾ ಡ್ಯಾಂಪರ್ ಆಗಿಯಾದರೂ ಅದು ಉಳಿಯಬೇಕು. ಇದಕ್ಕೆ ಬರಹದಲ್ಲಿ ಉತ್ತರ ಕೊಡದವರ ಸಾಮಾನು ಕೊಳ್ಳಬೇಡಿ. ಇನ್ನು ನಾಲ್ಕು ಮನೆಯವರು ಓಡಾಡುವ ತೂಗುಸೇತುವೆಗೆ ಇದು ಬೇಡವೇ ಬೇಡ. ಎರಡೂ ದಡಕ್ಕೆ ಓರೆಯಾಗಿ ಎಳೆದು ಕಟ್ಟಿದ ಪಕ್ಕದ ಹಗ್ಗಗಳು, ವರ್ಷಕ್ಕೊಮ್ಮೆ ತುಕ್ಕಿನ ತಪಾಸಣೆ, ಇಷ್ಟು ಮೊದಲು ಆಗಲಿ.

ಆ ಹಳ್ಳದ ಸೇತುವೆಯನ್ನು ಮೊದಲು ಅಳೆದವರು ಮಟಮಟ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿಗೆ ಅಳೆದು ಹೋಗಿದ್ದರು. ಆ ಒಂದೇ ಅಂಕಿಗೆ ಡ್ಯಾಂಪರ್ ತರಿಸುವ ತಯಾರಿ ನಡೆದಿತ್ತು. ತಡೆಯಿರಿ ಎಂದೆ. ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ಜಾತ್ರೆ ದಿನ ಇನ್ನೊಮ್ಮೆ ಪೆಟ್ಟಿಗೆ ಇಟ್ಟು ಕೂರುತ್ತೇವೆ. ತೂಗುಭಾರ ಎಷ್ಟಿರಬೇಕೆಂದು ಬರೆಯುವುದು ಆಮೇಲೆ.