ಒಂದು ಮೊಟ್ಟೆಗೆ ಎರಡು ಹೆಸರು

ಏಳನೇ ಶತಮಾನದ ಇಂಗ್ಲೆಂಡು. ಉಂಡು ಕೂತವರ ನಡುವೆ ಹಾರ್ಪ್ ಎಂಬ ತಂತಿವಾದ್ಯ ಕೈಯಿಂದ ಕೈಗೆ ಸಾಗುತ್ತಿದೆ. ಯಾರ ಕೈಗೆ ಬಂತೋ ಅವರು ಹಾಡಬೇಕು. ತನ್ನ ಸರದಿ ಹತ್ತಿರವಾಗುತ್ತಿದ್ದಂತೆ ಕ್ಯಾಡ್‌ಮನ್ ಎಂಬ ದನಗಾಹಿ ಮೆಲ್ಲಗೆ ಎದ್ದು ಹೋಗಿಬಿಡುತ್ತಿದ್ದ. (ಅಂತ್ಯಾಕ್ಷರಿಯ ಹೊತ್ತಿಗೆ ಸರಿಯಾಗಿ ನೀರಡಿಕೆಯಾಗುವವರು ನಮ್ಮಲ್ಲೂ ಇದ್ದಾರೆ.) ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ ಕನಸಿನಲ್ಲಿ ಯಾರೋ ಬಂದು ಹಾಡು ಅಂದರಂತೆ, ಹಾಡಿದನಂತೆ. ಹೆಸರು ತಿಳಿದಿರುವ ಮೊದಲ ಇಂಗ್ಲಿಷ್ ಕವಿ ಎಂದು ಸಾಮಾನ್ಯವಾಗಿ ಇವನನ್ನೇ ಹೇಳುತ್ತಾರೆ. ಕಥೆಯನ್ನು 731ರ ಸುಮಾರಿಗೆ ಬರೆದಿಟ್ಟವನು ಬೀಡ್ ಎಂಬ ಸನ್ಯಾಸಿ, ಅದೂ ಲ್ಯಾಟಿನ್ನಿನಲ್ಲಿ. ಹಾಡಿನ ಒಂಬತ್ತು ಇಂಗ್ಲಿಷ್ ಸಾಲುಗಳು ಉಳಿದದ್ದು ಬೀಡನ ಪುಸ್ತಕವನ್ನು ಪ್ರತಿ ಮಾಡಿದವರು ಅವನ್ನೂ ಸೇರಿಸಿದ್ದರಿಂದ.

ಬಾಯಿಯ ಮಾತು ಉಳಿಯುವುದು ಹೀಗೆ, ಅದೃಷ್ಟವಿದ್ದರೆ. ಹಳೆಯ ಇಂಗ್ಲಿಷಿನ 3,182 ಸಾಲಿನ 'ಬಿಯೋವುಲ್ಫ್' ಕಾವ್ಯಕ್ಕೆ ಇರುವುದು ಒಂದೇ ಹಳೆಯ ಹಸ್ತಪ್ರತಿ. 1731ರ ಬೆಂಕಿಯಲ್ಲಿ ಅದರ ಅಂಚೂ ಸುಟ್ಟಿತು.

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದಲ್ಲಿ ಫ್ರೆಂಚ್ ಕೂತಿತು. ಹದಿನಾಲ್ಕನೇ ಶತಮಾನದ ಕೊನೆಗೆ ಕವಿ ಚಾಸರ್ ತನ್ನ ಕ್ಯಾಂಟರ್‌ಬರಿ ಕಥೆಗಳನ್ನು ಲಂಡನ್ನಿನ ಇಂಗ್ಲಿಷಿನಲ್ಲೇ ಬರೆದ. ಅವು ಹರಡಿದ್ದೂ ಕೈಬರಹದಲ್ಲೇ, ಒಂದು ಪ್ರತಿಯಂತೆ ಇನ್ನೊಂದಿಲ್ಲ.

ಆಮೇಲೆ ಬಂದವನು ವಿಲಿಯಂ ಕ್ಯಾಕ್ಸ್‌ಟನ್, ಪಂಡಿತನಲ್ಲ, ವ್ಯಾಪಾರಿ. ಟ್ರಾಯ್ ಯುದ್ಧದ ಫ್ರೆಂಚ್ ಪುಸ್ತಕವೊಂದನ್ನು ಅನುವಾದಿಸಿದ. ಕೇಳಿದವರಿಗೆಲ್ಲ ಬರೆದುಕೊಡಲು ಹೋದರೆ ಲೇಖನಿ ಸವೆಯಿತು, ಕೈ ಸೋತಿತು, ಕಣ್ಣು ಮಂಜಾಯಿತು. ಅದಕ್ಕೇ ಅಚ್ಚಿನ ಕೆಲಸ ಕಲಿತೆ ಎನ್ನುತ್ತಾನೆ. 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದು ಚಾಸರನನ್ನೂ ಅಚ್ಚು ಹಾಕಿದ. ಓದುಗನೊಬ್ಬ ಬಂದು, ಇದು ಚಾಸರ್ ಬರೆದಂತಿಲ್ಲ, ನಮ್ಮಪ್ಪನ ಹತ್ತಿರ ಸರಿಯಾದ ಪ್ರತಿಯಿದೆ ಅಂದ. ಕ್ಯಾಕ್ಸ್‌ಟನ್ ಆ ಪ್ರತಿ ತರಿಸಿಕೊಂಡು ತಿದ್ದಿ ಮತ್ತೆ ಅಚ್ಚು ಹಾಕಿದ. ಅಚ್ಚಾದದ್ದೆಲ್ಲ ಸರಿ ಎನ್ನುವ ನಂಬಿಕೆ ಆಗಿನ್ನೂ ಹುಟ್ಟಿರಲಿಲ್ಲ.

ಇನ್ನೂ ದೊಡ್ಡ ತಲೆನೋವು, ಯಾರ ಇಂಗ್ಲಿಷನ್ನು ಅಚ್ಚು ಹಾಕುವುದು? 1490ರಲ್ಲಿ ಅವನೇ ಹೇಳಿದ ಪ್ರಸಂಗ: ಗಾಳಿಯಿಲ್ಲದೆ ಹಡಗು ನಿಂತು ದಡಕ್ಕಿಳಿದ ವ್ಯಾಪಾರಿಯೊಬ್ಬ ಕೆಂಟ್ ಕರಾವಳಿಯ ಮನೆಯಾಕೆಯ ಬಳಿ 'ಎಗ್ಸ್' ಕೇಳಿದ. ನನಗೆ ಫ್ರೆಂಚ್ ಬರುವುದಿಲ್ಲ ಅಂದಳು ಆಕೆ. ಅವನಿಗೆ ಸಿಟ್ಟು, ಅವನಿಗೂ ಫ್ರೆಂಚ್ ಬಾರದು! ಇನ್ನೊಬ್ಬ 'ಐರೆನ್' ಎಂದಾಗ ಮೊಟ್ಟೆ ಅರ್ಥವಾಯಿತು.

ಕೈಬರಹದಲ್ಲಿ ಊರಿಗೊಂದು ಕಾಗುಣಿತ ನಡೆಯುತ್ತಿತ್ತು. ಅಚ್ಚು ನಿಧಾನವಾಗಿ ಒಂದನ್ನೇ ಹಿಡಿದು ಕೂತಿತು, ನಾಲಿಗೆ ಮಾತ್ರ ಮುಂದೆ ಹೋಯಿತು. ಚಾಸರನ ಕಾಲಕ್ಕೆ 'ಕ್ನಿಖ್ಟ್' ಎಂಬಂತೆ ಕೇಳಿಸುತ್ತಿದ್ದ ಪದ ಈಗ 'ನೈಟ್' (knight, ಅಂದರೆ ಯೋಧ). ಮುಂದಿನ ಕೆ ಅಕ್ಷರವನ್ನು ಯಾರೂ ತೆಗೆಯಲಿಲ್ಲ. ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು, ಕೆ ಸೈಲೆಂಟು, ಜಿ ಹೆಚ್ಚೂ ಸೈಲೆಂಟು ಎಂದು ನಾವು ಬಾಯಿಪಾಠ ಮಾಡಿದ್ದು ಅದನ್ನೇ.