ಮೋಡದಿಂದ ಕೆಳಗಿಳಿಯುವ ಆ ಒಂದು ನಿಮಿಷ

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ನೋಡಿ. ಗಿರಕಿ ಹೊಡೆದು ನಿಂತ ಮಕ್ಕಳು ತೂರಾಡುತ್ತಾರೆ. ಕಿವಿಯೊಳಗಿನ ಪುಟ್ಟ ಕೊಳವೆಗಳಲ್ಲಿ ದ್ರವ ಇನ್ನೂ ಸುತ್ತುತ್ತಿರುತ್ತದೆ. ನೆಲ ನೋಡುತ್ತಾ ನಿಂತರೆ ಸರಿಹೋಗುತ್ತದೆ. ಮೋಡದೊಳಗೆ ಸಿಕ್ಕ ಪೈಲಟ್‌ಗೆ ನೋಡಲು ನೆಲವೇ ಇಲ್ಲ, ಅಲ್ವಾ?

ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಕಿವಿಯ ದ್ರವವೂ ಜೊತೆಗೇ ಸುತ್ತತೊಡಗಿ, ನೆಟ್ಟಗೆ ಹೋಗುತ್ತಿದೆ ಅನಿಸುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇದನ್ನು ಪರೀಕ್ಷಿಸಿತು. ಉಪಕರಣ ನೋಡಿ ಹಾರಿಸಲು ಕಲಿಯದ 20 ಜನರಿಗೆ ಹೊರಗೇನೂ ಕಾಣದಂತೆ ಮಾಡಿದರು. 20 ಮಂದಿಯೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ.

ಅದಕ್ಕೇ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಉಪಕರಣ ನೋಡಿಯೇ ಹಾರಿಸುವ ಅರ್ಹತೆ, ಬೇಕು. ನಮ್ಮ ದೇಶದಲ್ಲಿ ಪ್ರೈವೇಟ್ ಪೈಲಟ್‌ಗೆ ಇರುವುದು ಒಂದೇ ಮೆಟ್ಟಿಲು. 40 ಗಂಟೆ ಉಪಕರಣ ಹಾರಾಟ, ಅದರಲ್ಲಿ 20 ಗಂಟೆವರೆಗೆ ಸಿಮ್ಯುಲೇಟರ್ ನಡೆಯುತ್ತದೆ. ಅಮೆರಿಕದಲ್ಲೂ 40 ಗಂಟೆಯೇ. ಬ್ರಿಟನ್ ಮಾತ್ರ 15 ಗಂಟೆಯ ಚಿಕ್ಕ ರೇಟಿಂಗ್ ಒಂದನ್ನು ಇಟ್ಟುಕೊಂಡಿದೆ.

ಯುರೋಪು 2014ರಲ್ಲಿ ಬೇರೆಯದೇ ದಾರಿ ಹಿಡಿಯಿತು. ಅಲ್ಲಿನ ಹೊಸ ರೇಟಿಂಗ್‌ನಲ್ಲಿ ನಡುದಾರಿಯಲ್ಲಿ ಮೋಡದೊಳಗೆ ಸಾಗಬಹುದಿತ್ತು, ಏರುವಾಗ ಇಳಿಯುವಾಗ ಮಾತ್ರ ನೆಲ ಕಾಣಲೇಬೇಕಿತ್ತು. ನನಗಿದು ಒಪ್ಪಿಗೆಯಾಗಲಿಲ್ಲ. ಉಪಕರಣ ನೋಡಲು ಕಲಿತವರಿಗೆ ಮೋಡದಲ್ಲಿ ನೆಟ್ಟಗೆ ಸಾಗುವುದು ಸುಲಭದ ಕೆಲಸ. ಹೋಗಿ ಸೇರುವ ಊರಿನ ಮೇಲೆ ಅಷ್ಟರಲ್ಲಿ ಮೋಡ ಮುಚ್ಚಿದರೆ ಇಳಿಯುವುದು ಹೇಗೆ? 2021ರಲ್ಲಿ ಅದರ ಬದಲು ಬಂದ ಬೇಸಿಕ್ ರೇಟಿಂಗ್‌ನಲ್ಲಿ ಇಳಿಯುವುದನ್ನೂ ಕಲಿಸುತ್ತಾರೆ. ಗಂಟೆಗಳ ಲೆಕ್ಕವಿಲ್ಲ, ಕೈ ಪಳಗಿತೋ ಇಲ್ಲವೋ ಎಂದು ನೋಡುತ್ತಾರೆ.

ಮೆಟ್ಟಿಲುಗಳ ನಿಜವಾದ ಅಂತರ ಇರುವುದು ಇಳಿಯುವಾಗಲೇ. ಪೂರ್ತಿ ರೇಟಿಂಗ್ ಇದ್ದವರು, ಒಳ್ಳೆಯ ಉಪಕರಣವಿರುವ ನಿಲ್ದಾಣದಲ್ಲಿ, ರನ್‌ವೇ ಕಾಣದೆ 200 ಅಡಿವರೆಗೆ ಇಳಿಯಬಹುದು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಸುಮಾರು 160 ಅಡಿ. ಅದರ ತಲೆಯ ಮೇಲೆ ಇನ್ನೊಂದು 40 ಅಡಿ ಎಂದುಕೊಳ್ಳಿ, ಅಷ್ಟೇ! ಆಗಲೂ ರನ್‌ವೇ ಕಾಣದಿದ್ದರೆ ಮತ್ತೆ ಮೇಲಕ್ಕೆ ಏರಬೇಕು. ಬ್ರಿಟನ್ನಿನ ಚಿಕ್ಕ ರೇಟಿಂಗ್‌ನವರು 500 ಅಡಿಯಲ್ಲೇ ನಿರ್ಧರಿಸಲಿ ಎಂಬುದು ಅಲ್ಲಿನ ಸಲಹೆ. 1,500 ಮೀಟರ್ ದೂರ ಕಾಣಲೂಬೇಕು.

ಚಿಕ್ಕ ವಿಮಾನ ನಿಮಿಷಕ್ಕೆ ಸುಮಾರು 500 ಅಡಿ ಇಳಿಯುತ್ತದೆ. 200 ಅಡಿಯಿಂದ ನೆಲಕ್ಕೆ 25 ಸೆಕೆಂಡಿಗಿಂತ ಜಾಸ್ತಿ ಇಲ್ಲ. 500 ಅಡಿಯಿಂದ ಪೂರ್ತಿ ಒಂದು ನಿಮಿಷ ಸಿಗುತ್ತದೆ. ನಮ್ಮಲ್ಲೂ ಇಂಥ ನಡುಮೆಟ್ಟಿಲು ಬೇಕು. ಮುಂಗಾರಿನ ಬೆಳಿಗ್ಗೆ ತೋರಣಗಲ್ಲಿನ ವಿಮಾನ ನಿಲ್ದಾಣದ ಮೇಲೆ ಮೋಡ ಕವಿದಾಗ, ವಾರಕ್ಕೊಮ್ಮೆ ಹಾರುವ ಪೈಲಟ್‌ಗೆ ಇಳಿಯುವ ದಾರಿ ಗೊತ್ತಿರಲಿ, ಆ ಒಂದು ನಿಮಿಷವೂ ಕೈಯಲ್ಲಿರಲಿ ಎಂಬುದು ನನ್ನ ಆಸೆ.